ಗಜನಿ ಕಟ್ಟೆ ಮೇಲೆ ನಡೆಯುವವರಿಗೆ

ಕುಮಟಾ ಕಡೆ ಹೋದವರು ಮಿರ್ಜಾನ್ ಕೋಟೆಯಲ್ಲಿ ನಾಲ್ಕು ಫೋಟೊ ತೆಗೆದು ಸೀದಾ ಗೋಕರ್ಣದ ದಾರಿ ಹಿಡಿಯುತ್ತಾರೆ. ಕೋಟೆಯಿಂದ ಸ್ವಲ್ಪ ದೂರದಲ್ಲೇ ಅಘನಾಶಿನಿ ಹರಿಯುತ್ತಿದ್ದಾಳೆ. ಅವಳನ್ನು ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ಕೋಟೆ ಚೆನ್ನಾಗಿಲ್ಲ ಅಂತಲ್ಲ. ಮಳೆಗಾಲದಲ್ಲಿ ಆ ಚಿರೆಕಲ್ಲಿನ ಗೋಡೆಗೆ ಹಾವಸೆ ಹತ್ತಿ ಇಡೀ ಕೋಟೆ ಹಸಿರಾದಾಗ ನೋಡಬೇಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಆದರೆ ಇಲ್ಲೇ ಯಾಕೆ ಕೋಟೆ? ಹೊಳೆ ಇದೆ ಅಂತ. ಘಟ್ಟದ ಮೆಣಸು ಸಮುದ್ರ ಸೇರೋಕೆ ಈ ಬಂದರು ಬೇಕಿತ್ತು. ಹೊಳೆ ಬಿಟ್ಟು ಕೋಟೆ ಮಾತ್ರ ನೋಡಿದರೆ ಬಾಗಿಲು ಮುಟ್ಟಿ ಮನೆ ನೋಡಿ ಬಂದೆ ಅಂದ ಹಾಗೆ.

ಹೊಳೆ ಬದಿಗೆ ಇಳಿದರೆ ಊರಿನ ಚಹರೆಯೇ ಬದಲಾಗುತ್ತದೆ. ತೆಂಗಿನ ತೋಟ ಮುಗಿಯುತ್ತದೆ, ಕಾಲಡಿ ಮಣ್ಣು ಕಪ್ಪಾಗುತ್ತದೆ. ಆಮೇಲೆ ಕಾಂಡ್ಲಾ ಗಿಡಗಳು, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್. ಒಂದು ಕೊಂಬೆ ಹತ್ತಿರ ಎಳೆದು ನೋಡಿ. ಬೆರಳಿಗಿಂತ ಉದ್ದದ ಹಸಿರು ಕೋಲುಗಳು ನೇತಾಡುತ್ತಿರುತ್ತವೆ. ಅದು ಕಾಯಿಯಲ್ಲ. ಬೀಜ ಮರದಲ್ಲೇ ಮೊಳೆತು ಸಸಿಯಾಗಿರುತ್ತದೆ. ಇಳಿತದ ಹೊತ್ತಿಗೆ ಬಿದ್ದರೆ ಕೆಸರಿಗೆ ನೆಟ್ಟಗೆ ಚುಚ್ಚಿಕೊಳ್ಳುತ್ತದೆ, ಭರತದಲ್ಲಿ, ಅಂದರೆ ಸಮುದ್ರದ ನೀರು ಏರಿದಾಗ ಬಿದ್ದರೆ ತೇಲಿಕೊಂಡು ಬೇರೆ ಊರು ಸೇರುತ್ತದೆ. ನೀರು ಇಳಿದಾಗ ಹೆಂಗಸರು ಸೊಂಟದವರೆಗೆ ನೀರಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಅವರ ಗಡಿಯಾರ ಹೊಳೆಯೇ. ನಾನು ಸುಮ್ನೆ ಅಂಚಿಗೆ ಹೋಗುತ್ತಿದ್ದಾಗ ಒಬ್ಬರು ಕೂಗಿದರು: "ತಮಾ, ಭರತ ಬರೋ ಹೊತ್ತಾತು, ಆ ಬದಿ ಹೋಗ್ಬೇಡ." ಹವಾಮಾನದ ಆ್ಯಪ್‌ನಲ್ಲಿ ಇದೆಲ್ಲಾ ಇರೋದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಡೆಯುವ ದಾರಿ ದಾರಿಯೇ ಅಲ್ಲ, ಗಜನಿಯ ಕಟ್ಟೆ. ಗಜನಿ ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುತ್ತದೆ, ನೆರೆ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಿಗೆ ತೆನೆ ಮಾತ್ರ ಕತ್ತರಿಸಿ ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯಲ್ಲಿರುವ ನೀರಿನ ಬಾಗಿಲು ತೆಗೆದು ಹೊಳೆ ನೀರು ಬಿಟ್ಟರೆ ಅದೇ ಹುಲ್ಲು ಕೊಳೆತು ಮೀನಿಗೆ, ಸಿಗಡಿಗೆ ಆಹಾರ. ಒಂದೇ ಗದ್ದೆ ಅರ್ಧ ವರ್ಷ ಅಕ್ಕಿ ಕೊಡುತ್ತದೆ, ಇನ್ನರ್ಧ ಮೀನು. ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ಇದನ್ನು ಇವತ್ತಿಗೂ ಬಿಟ್ಟಿಲ್ಲ.

ಇದು ನಡೆಯಬೇಕಾದರೆ ಕಟ್ಟೆ ಗಟ್ಟಿ ಇರಬೇಕು. ಏಡಿ ತೂತು ಮಾಡುತ್ತದೆ, ನೆರೆ ಕೊಚ್ಚುತ್ತದೆ, ಮತ್ತೆ ಮಣ್ಣು ಹಾಕಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ತನ್ನ ಪಾಲಿನ ಕಟ್ಟೆ ಕೈಬಿಟ್ಟರೆ ಎಲ್ಲರ ಗದ್ದೆಗೂ ನೀರು. ಸಿಗಡಿಯಲ್ಲಿ ದುಡ್ಡು ಜಾಸ್ತಿ ಅಂತ ಆದ ಮೇಲೆ ಎಷ್ಟೋ ಕಡೆ ಭತ್ತ ನಿಂತಿತು. ಬೇಸಾಯ ಬಿಟ್ಟ ಗಜನಿಯ ಕಟ್ಟೆ ಮೇಲೆ ಹೋಗಿ ನೋಡಿ, ನಡುವೆ ಒಡೆದು ಅಲ್ಲಿಗೇ ನಿಮ್ಮ ವಾಕಿಂಗ್ ಮುಗಿಯುತ್ತದೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. 4,801 ಹೆಕ್ಟೇರ್. ನನಗೂ ಖುಷಿಯೇ. ಆದರೆ ಈಗ ಕೆಲವರಿಗೆ ಇಲ್ಲಿ ಹಲಗೆ ಸೇತುವೆ, ಸೆಲ್ಫಿ ಪಾಯಿಂಟ್, ಬಣ್ಣದ ದೀಪ ಬೇಕಂತೆ. ಯಾಕ್ರೀ? ಕಾಂಡ್ಲಾ ನಡುವೆ ಕಾಂಕ್ರೀಟ್ ಕಂಬ ನೆಡುವ ದುಡ್ಡಲ್ಲಿ ಎಷ್ಟು ಉದ್ದದ ಕಟ್ಟೆ ರಿಪೇರಿ ಆಗುತ್ತದೆ ಅಂತ ಗಜನಿ ಮಾಡುವವರನ್ನೇ ಕೇಳಿ. ಕಟ್ಟೆ ಉಳಿದರೆ ಅಕ್ಕಿಯೂ ಉಂಟು, ನಡೆಯೋಕೆ ದಾರಿಯೂ ಉಂಟು.

ಇನ್ನೊಂದು ಕಡೆ ಈ ಹೊಳೆಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಮಾತು. ಶಿರಸಿಯಲ್ಲಿ ಹುಟ್ಟಿ ಕಡಲು ಸೇರುವ ತನಕ ಅಣೆಕಟ್ಟು ಕಾಣದ ಹೊಳೆ ಇದು. ಬಯಲುಸೀಮೆಯ ನೀರಿನ ಕಷ್ಟ ಸುಳ್ಳಲ್ಲ, ಅದನ್ನು ಹಗುರ ಮಾಡಿ ಮಾತಾಡೋದಿಲ್ಲ. ಆದರೆ 'ನೀರು ಸುಮ್ನೆ ಸಮುದ್ರಕ್ಕೆ ಹೋಗಿ ಹಾಳಾಗುತ್ತದೆ' ಅನ್ನುವವರು ಒಮ್ಮೆ ಗಜನಿಯಲ್ಲಿ ನಿಂತು ನೋಡಲಿ. ಗದ್ದೆಯ ಉಪ್ಪು ತೊಳೆಯುವುದರಲ್ಲಿ ಆ ನೀರಿಗೂ ಪಾಲಿದೆ. ಬಳಚು ಬದುಕುವುದೂ ಉಪ್ಪು-ಸಿಹಿ ಹದವಾಗಿ ಬೆರೆತರೆ ಮಾತ್ರ. ಇದರಲ್ಲಿ ಹಾಳಾಗಿದ್ದು ಯಾವುದು, ಹೇಳಿ?

ಹೋಗುವವರು ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ, ಭತ್ತ ಗದ್ದೆಯಲ್ಲಿರುವಾಗಲೇ ಹೋಗಿ. ಬೇಸಿಗೆಯಲ್ಲಾದರೆ ಸಾಣಿಕಟ್ಟಾದ ಉಪ್ಪಿನ ಆಗರ ನೋಡಬಹುದು, ಬಿಸಿಲು ಮಾತ್ರ ತಲೆ ಸುಡುತ್ತದೆ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿ, ಬೈಕನ್ನೂ ಹತ್ತಿಸಿಕೊಳ್ಳುತ್ತಾರೆ. ಕಟ್ಟೆ ಮೇಲೆ ಕಾಲಿಡುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ, ಅದು ಅವರ ಜಮೀನು. ಕಗ್ಗದ ಅಕ್ಕಿ ಇದೆಯಾ ಅಂತಲೂ ವಿಚಾರಿಸಿ. ಸಿಕ್ಕರೆ ಚೌಕಾಸಿ ಮಾಡದೆ ತಗೊಂಡು ಬನ್ನಿ. ಕೆಂಪಕ್ಕಿ, ಬೇಯೋಕೆ ಹೊತ್ತು ಬೇಕು. ನನ್ನ ಕೇಳಿದರೆ ಅನ್ನಕ್ಕಿಂತ ಗಂಜಿಗೇ ಚೆಂದ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ.