ಬೆಂಕಿ ಹತ್ತದ ಟ್ಯಾಂಕರು

ಬೆಳಿಗ್ಗೆ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ತೋರಣಗಲ್ಲಿನ ಸಮೀಪ ಹೆದ್ದಾರಿಯ ಬದಿಯ ಚಹಾದಂಗಡಿಯಲ್ಲಿ ಕುಳಿತಿದ್ದೆ. ಹತ್ತು ಮಾರು ದೂರದಲ್ಲಿ ಅಡುಗೆ ಅನಿಲದ ಟ್ಯಾಂಕರೊಂದು ನಿಂತಿತ್ತು. ಅದರ ಬೆನ್ನಿಗೆ ಕೆಂಪು ಅಕ್ಷರಗಳಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿತ್ತು; ಆ ಬರಹಕ್ಕೇ ಒರಗಿಕೊಂಡು ಹಿರಿಯರೊಬ್ಬರು ಬೀಡಿ ಹಚ್ಚಲು ಕಡ್ಡಿ ತೆಗೆಯುತ್ತಿದ್ದರು. ನಾನು ಕೂಗುತ್ತ ಎದ್ದೆ. ಆಗ ಪಕ್ಕದಲ್ಲಿದ್ದ ತರುಣ, ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು, ನನ್ನನ್ನೇ ಸಮಾಧಾನಪಡಿಸಿದ: “ಗಾಬರಿ ಆಗ್ಬೇಡ್ರಿ ಸಾರ್, ಅದು ಇನ್‌ಫ್ಲೇಮಬಲ್ ಐತೆ. ಇನ್ ಅಂದ್ರೆ ಇಲ್ಲ ಅಂತ. ಬೆಂಕಿ ಹತ್ತಲ್ಲ.”

ಹಿರಿಯರ ಕೈಯಿಂದ ಬೆಂಕಿಪೊಟ್ಟಣ ಕಸಿದುಕೊಂಡು ಬಂದೆ. (ಅವರು ನನ್ನ ವಂಶವನ್ನು ಕುರಿತು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.) ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲ ಹಿಡಿದು ಹರಿಯುತ್ತದೆ, ಹತ್ತು ಮಾರು ದೂರ ಅದಕ್ಕೆ ಏನೇನೂ ಅಲ್ಲ ಎಂದು ತರುಣನಿಗೆ ಹೇಳಿದೆ. ಅನಂತರ ಪದದ ವಿಚಾರಕ್ಕೆ ಬಂದೆ. ‘ಫ್ಲೇಮಬಲ್’ ಮತ್ತು ‘ಇನ್‌ಫ್ಲೇಮಬಲ್’ ಎರಡರ ಅರ್ಥವೂ ಒಂದೇ: ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಲ್ಯಾಟಿನ್ನಿನ ‘ಇನ್‌ಫ್ಲಮಾರೆ’ ಎಂಬ ಕ್ರಿಯಾಪದದಿಂದ ಬಂದ ಈ ಪದದಲ್ಲಿ ‘ಇನ್’ ಎಂಬುದು ನಿಷೇಧವಲ್ಲ, ‘ಒಳಗೆ’ ಎಂಬರ್ಥದ ಉಪಸರ್ಗ. ಮೊಣಕಾಲು ಕೆಂಪಗೆ ಊದಿಕೊಂಡಾಗ ವೈದ್ಯರು ‘ಇನ್‌ಫ್ಲಮೇಶನ್’ ಎನ್ನುತ್ತಾರಲ್ಲ, ನಾವು ಉರಿಯೂತ ಎನ್ನುತ್ತೇವಲ್ಲ, ಅದರ ಬೇರೂ ಇದೇ. ಬೆಂಕಿ ಹತ್ತದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಎಂಬ ಬೇರೆಯೇ ಪದವಿದೆ. ಇಂಗ್ಲಿಷ್ ಮಾತೃಭಾಷೆಯಾಗಿರುವ ಅಮೆರಿಕದಲ್ಲೂ ಜನ ಹೀಗೆಯೇ ಮೋಸಹೋದಾರೆಂಬ ಅಂಜಿಕೆಯಿಂದ ಅಲ್ಲಿನ ಅಗ್ನಿಸುರಕ್ಷತೆಯ ಸಂಘದವರು 1920ರ ದಶಕದಿಂದಲೇ ‘ಇನ್’ ಅನ್ನು ಕಿತ್ತುಹಾಕಿ ಬರೆಯಿರಿ ಎಂದು ಒತ್ತಾಯಿಸತೊಡಗಿದರು. ನಮ್ಮ ಟ್ಯಾಂಕರುಗಳು ಮಾತ್ರ ಹಳೆಯ ಪದವನ್ನೇ ಹೊತ್ತು ತಿರುಗುತ್ತಿವೆ.

“ಇನ್ ಅಂದರೆ ಇಲ್ಲ ಎಂದು ನಿನಗೆ ಕಲಿಸಿದವರು ಯಾರು?” ಎಂದು ಗದರಿದೆ. “ನೀವೇ ಸಾರ್, ಪಿಯುಸಿಯಾಗೆ,” ಎಂದ.

ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದ ನನ್ನ ಬಾಯಿ ಅಲ್ಲಿಗೆ ಮುಚ್ಚಿತು. ಚಹಾದಂಗಡಿಯವನು ನಕ್ಕದ್ದು ನನಗೆ ಕೇಳಿಸಲಿಲ್ಲವೆಂದೇ ಇಟ್ಟುಕೊಳ್ಳಿ.

ಆದರೂ ನನ್ನ ತಕರಾರು ತಕರಾರೇ. ಪದಗಳ ವಿಷಯದಲ್ಲಿ ನಾವು ಮುಖ ನೋಡಿ ಮಣೆ ಹಾಕುತ್ತೇವೆ. ಮುಖ ಬೇರೆಯಾಗಿ ಕಂಡರೆ ಅರ್ಥವನ್ನು ವಿರುದ್ಧವಾಗಿಸುತ್ತೇವೆ, ಹೋಲಿಕೆ ಕಂಡರೆ “ಎರಡೂ ಒಂದೇ ಬಿಡ್ರಿ” ಎನ್ನುತ್ತೇವೆ, ನಿಘಂಟನ್ನು ಮಾತ್ರ ತೆರೆಯುವುದಿಲ್ಲ. ನನ್ನ ನಿವೃತ್ತಿಯ ದಿನ ಓದಿದ ಬಿನ್ನವತ್ತಳೆಯಲ್ಲಿ ನನ್ನ ಸೇವೆ ‘ವ್ಯಾಲ್ಯೂಲೆಸ್’ ಆಗಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ‘ಇನ್‌ವ್ಯಾಲ್ಯೂಬಲ್’. ಬೆಲೆ ಕಟ್ಟಲಾಗದ್ದಕ್ಕೂ ಬೆಲೆಯೇ ಇಲ್ಲದ್ದಕ್ಕೂ ಕನ್ನಡದಲ್ಲಿ ಯಾರೂ ಎಡವುವುದಿಲ್ಲ, ‘ಅಮೂಲ್ಯ’ದಲ್ಲಿ ‘ಅ’ ಇದೆಯೆಂದು ಅದನ್ನು ಯಾರೂ ಕಸದಬುಟ್ಟಿಗೆ ಹಾಕುವುದಿಲ್ಲ. (ಆ ಹಾಳೆಗೆ ಕಟ್ಟು ಹಾಕಿಸಿ ಇಟ್ಟಿದ್ದೇನೆ. ಬಹುಶಃ ಬರೆದವರೇ ಸರಿಯಿದ್ದರೇನೋ!)

ಆ ತರುಣನ ಕೈಯಲ್ಲಿದ್ದ ಗೈಡಿನಲ್ಲಿ ‘ಹಿಸ್ಟಾರಿಕ್’, ‘ಹಿಸ್ಟಾರಿಕಲ್’ ಎರಡಕ್ಕೂ ‘ಐತಿಹಾಸಿಕ’ ಎಂದು ಒಂದೇ ಅರ್ಥ ಕೊಟ್ಟಿತ್ತು. ಹಿಂದಿನ ಕಾಲಕ್ಕೆ ಸಂಬಂಧಿಸಿದ್ದೆಲ್ಲವೂ ‘ಹಿಸ್ಟಾರಿಕಲ್’. ಇತಿಹಾಸದ ದಿಕ್ಕನ್ನು ತಿರುಗಿಸಿದ್ದು, ಅದರಲ್ಲಿ ಅಚ್ಚೊತ್ತಿ ನಿಂತದ್ದು ಮಾತ್ರ ‘ಹಿಸ್ಟಾರಿಕ್’. ನಮ್ಮ ಸೀಮೆಯಲ್ಲಿ ಹೊಲದ ಬದುವಿನಲ್ಲಿ ಬಿದ್ದಿರುವ ದಾನಶಾಸನದ ಕಲ್ಲೂ ‘ಹಿಸ್ಟಾರಿಕಲ್’ಲೇ. ಆದರೆ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ದೊರೆತ ಶಾಸನ ‘ಹಿಸ್ಟಾರಿಕ್’, ಏಕೆಂದರೆ ಅದುವರೆಗೆ ಬೇರೆಡೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಳ್ಳುತ್ತಿದ್ದ ಅರಸನ ಬಿರುದಿನೊಂದಿಗೆ ಅಲ್ಲಿ ಅಶೋಕನೆಂಬ ಹೆಸರೂ ಇತ್ತು, ಹಾಗಾಗಿ ಆ ಶಾಸನಗಳೆಲ್ಲ ಯಾರವು ಎಂಬುದು ಗಟ್ಟಿಯಾಯಿತು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುವುದು ಮಸ್ಕಿಗೇ ಅನ್ಯಾಯ.

ಭಾಷೆ ಬದಲಾಗುತ್ತದೆ, ಇಂಗ್ಲಿಷರೇ ಗೊಂದಲ ಮಾಡಿಕೊಂಡಿಲ್ಲವೇ ಎಂದು ಗೆಳೆಯರು ಕೇಳುವುದುಂಟು. ಮಾಡಿಕೊಂಡಿದ್ದಾರೆ. ಇಂದು ‘ಡಿಸ್‌ಇಂಟರೆಸ್ಟೆಡ್’ ಎಂದರೆ ನಿಷ್ಪಕ್ಷಪಾತಿ, ‘ಅನ್‌ಇಂಟರೆಸ್ಟೆಡ್’ ಎಂದರೆ ನಿರಾಸಕ್ತ. 17ನೆಯ ಶತಮಾನದಲ್ಲಿ ಈ ಜೋಡಿ ಹೆಚ್ಚುಕಡಿಮೆ ತಿರುವುಮುರುವಾಗಿಯೇ ಬಳಕೆಯಲ್ಲಿತ್ತು. ಇರಲಿ. ನಿಮ್ಮ ಜಮೀನಿನ ವ್ಯಾಜ್ಯ ತೀರ್ಮಾನಿಸುವವನು ಇವರಿಬ್ಬರಲ್ಲಿ ಯಾರಾಗಿರಬೇಕು? ಪಕ್ಷಪಾತವಿಲ್ಲದವನೋ, ನಿಮ್ಮ ಮಾತಿನ ನಡುವೆ ಆಕಳಿಸುವವನೋ?

ಆ ತರುಣ ಸಿರುಗುಪ್ಪದ ಕಡೆಯವನು, ಭತ್ತ ಬೆಳೆಯುವ ಮನೆಯವನು. ಇಂಥ ಜೋಡಿ ಪದಗಳ ಬಗ್ಗೆ “ಎರಡೂ ಒಂದೇ ಅಲ್ವಾ ಸಾರ್” ಎಂದು ಅವನು ರಾಗ ತೆಗೆದಾಗ, “ಹಾಗಾದರೆ ನನಗೊಂದು ಕ್ವಿಂಟಲ್ ಅಕ್ಕಿ ಕೊಡು, ಒಂದು ಕ್ವಿಂಟಲ್ ಭತ್ತ ಕೊಡುತ್ತೇನೆ” ಎಂದೆ. ಸರ್ಕಾರಿ ಖರೀದಿಯ ಲೆಕ್ಕದಲ್ಲಿ 100 ಕಿಲೋ ಭತ್ತಕ್ಕೆ ಗಿರಣಿಯವರು ಕೊಡಬೇಕಾದ ಅಕ್ಕಿ 67 ಕಿಲೋ. “ಅದೆಂಗೆ ಆಗ್ತದೆ ಸಾರ್!” ಎಂದು ತಟಕ್ಕನೆ ಉತ್ತರಿಸಿದ. ಇಂಗ್ಲಿಷಿನಲ್ಲಿ ಕಳೆದುಹೋಗುವ ಆ 33 ಕಿಲೋ ಮಾತ್ರ ಇವನ ಲೆಕ್ಕಕ್ಕೆ ಬರುವುದೇ ಇಲ್ಲ.

ಮನೆಗೆ ಬಂದು ಹಳೆಯ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ‘ಇನ್, ಅನ್, ಡಿಸ್ = ಇಲ್ಲ’. ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ, ನಿಮ್ಮಲ್ಲಿ ಯಾರಾದರೂ ಮೇಷ್ಟ್ರಾಗಿದ್ದರೆ ನಾಳೆಯೇ ತರಗತಿಯಲ್ಲಿ ತಿದ್ದಿ ಹೇಳಿ. ಆ ಹಿರಿಯರ ಬೆಂಕಿಪೊಟ್ಟಣ ಇನ್ನೂ ನನ್ನ ಜೇಬಿನಲ್ಲೇ ಇದೆ.