ಬೀಚ್ ಬೇಕಿದ್ದರೆ ರಿಯೂನಿಯನ್‌ಗೆ ಹೋಗಬೇಡಿ

ಮಾರಿಷಸ್‌ಗೆ ಹನಿಮೂನ್‌ಗೆ ಹೋಗಿ ಬಂದವರು ನಮ್ಮಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅಲ್ಲಿಂದ ವಿಮಾನದಲ್ಲಿ ಮುಕ್ಕಾಲು ಗಂಟೆ ದೂರದ ರಿಯೂನಿಯನ್ ದ್ವೀಪದ ಬಗ್ಗೆ ಕೇಳಿ ನೋಡಿ, ಹೆಸರೇ ಕೇಳಿರುವುದಿಲ್ಲ. ಅದು ಫ್ರಾನ್ಸಿನ ಭಾಗ, ಎಲ್ಲವೂ ಯೂರೋದಲ್ಲಿ, ಜೇಬಿಗೆ ಭಾರ. ಬೀಚಿನ ಆಸೆಗೆ ಮಾರಿಷಸ್ಸೇ ವಾಸಿ. ರಿಯೂನಿಯನ್‌ನಲ್ಲಿ ಪಶ್ಚಿಮ ದಂಡೆಗೆ ಒಂದಿಷ್ಟು ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ಶಾಂತ ನೀರು, ಇದೆ. ಅದರಾಚೆ ಶಾರ್ಕ್ ಭಯಕ್ಕೆ ಬಹುತೇಕ ಕಡೆ ಈಜುವಂತಿಲ್ಲ.

ಇಲ್ಲಿ ಮೇಲಕ್ಕೆ ಹೋಗಬೇಕು. ದ್ವೀಪ ಕೊಡಗು ಜಿಲ್ಲೆಗಿಂತ ಚಿಕ್ಕದು, ಸುಮಾರು 2,500 ಚದರ ಕಿ.ಮೀ. ಆದರೂ ಅದರ ನಡುವೆ 3,000 ಮೀಟರ್ ದಾಟಿದ ಪಿಟೋ ದೆ ನೇಜ್ ಶಿಖರ ನಿಂತಿದೆ. ಆಗ್ನೇಯಕ್ಕೆ ಇನ್ನೂ ಉರಿಯುತ್ತಿರುವ ಜ್ವಾಲಾಮುಖಿ ಪಿಟೋ ದ ಲಾ ಫೂರ್ನೇಜ್. ಗಾಳಿ ಪೂರ್ವದಿಂದ ಬೀಸುವುದರಿಂದ ಆ ಮಗ್ಗುಲಿಗೆ ಮಳೆ, ಜಲಪಾತ, ದಟ್ಟ ಕಾಡು, ಪಶ್ಚಿಮಕ್ಕೆ ಒಣಹುಲ್ಲು. ಜ್ವಾಲಾಮುಖಿಯತ್ತ ಹೋಗುವ ರಸ್ತೆಯಲ್ಲಿ ಹುಲ್ಲುಗಾವಲು, ದನ ನೋಡುತ್ತಾ ಕೂತಿದ್ದೆ. ಒಂದು ತಿರುವು ಅಷ್ಟೇ, ಪ್ಲೇನ್ ದೆ ಸಾಬ್ಲ್ ಎದುರಾಯಿತು: ಕೆಂಪು-ಕಪ್ಪು ಬೂದಿಯ ಬಯಲು, ಮರವೆಂಬುದೇ ಇಲ್ಲ.

2007ರ ಏಪ್ರಿಲ್‌ನಲ್ಲಿ ಈ ಜ್ವಾಲಾಮುಖಿಯ ನೆತ್ತಿಯ ಬಾಯಿ ಮುನ್ನೂರು ಮೀಟರಿಗೂ ಹೆಚ್ಚು ಕುಸಿಯಿತು. ಲಾವಾ ಕರಾವಳಿ ರಸ್ತೆಯನ್ನು ಮುಚ್ಚಿ ಸಮುದ್ರ ಸೇರಿತು. ಜನ ಅದರ ಮೇಲೇ ಮತ್ತೆ ರಸ್ತೆ ಮಾಡಿಕೊಂಡರು. 1977ರಲ್ಲಿ ಸೇಂಟ್ ರೋಸ್ ಕಡೆ ಲಾವಾ ಚರ್ಚಿನ ಬಾಗಿಲವರೆಗೆ ಬಂದು ನಿಂತಿತಂತೆ. ಪವಾಡವೋ ಇಳಿಜಾರೋ, ನಿಮ್ಮಿಷ್ಟ.

ನನ್ನಂಥ ವಿಜಯಪುರದ ಕಡೆಯವನಿಗೆ ಇಲ್ಲಿ ಇನ್ನೊಂದು ಕಾರಣವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಉಕ್ಕಿಸಿದ ಭೂಗರ್ಭದ ಬಿಸಿಯೇ ಈಗ ರಿಯೂನಿಯನ್ ಅಡಿಯಲ್ಲಿದೆ ಎನ್ನುತ್ತಾರೆ ಭೂವಿಜ್ಞಾನಿಗಳು. ಭಾರತದ ಭೂಫಲಕ ಉತ್ತರಕ್ಕೆ ಸರಿಯಿತು, ಒಲೆ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಎಲ್ಲ ಅದೇ ದಾರಿಯ ಗುರುತುಗಳು. ನಮ್ಮ ಎರೆಹೊಲ, ಗೋಲಗುಮ್ಮಟದ ಕಪ್ಪುಕಲ್ಲು ಹುಟ್ಟಿದ್ದು ಆ ಲಾವಾದಿಂದ. ಹೊಸ ಲಾವಾದ ಕಲ್ಲು ಕೈಯಲ್ಲಿ ಹಿಡಿದಾಗ ನನಗೆ ಪರವೂರು ಅನಿಸಲೇ ಇಲ್ಲ. (ಎತ್ತಿಕೊಂಡು ಬರಲಿಲ್ಲ, ಕೇಳಬೇಡಿ.)

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಫಾತ್. ಸುತ್ತ ಕಡಿದಾದ ಗೋಡೆಗಳಿರುವ ಕೊಳ್ಳ, ಒಳಗೆ ಪುಟ್ಟ ಪುಟ್ಟ ಊರುಗಳು, ರಸ್ತೆಯೇ ಇಲ್ಲ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಜಾಗವಿದು. ಹೋಗಬೇಕೆಂದರೆ ನಡೆಯಬೇಕು, ಸಾಮಾನು ಬರುವುದು ಹೆಲಿಕಾಪ್ಟರ್‌ನಲ್ಲಿ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ವ್ಯೂ ಪಾಯಿಂಟ್‌ವರೆಗೆ ಜೀಪು, ಅಲ್ಲೊಂದು ಮ್ಯಾಗಿ ಅಂಗಡಿ! ಪ್ರವಾಸಿಗರು ಹೆಲಿಕಾಪ್ಟರ್ ಹತ್ತಿ ಹದಿನೈದು ನಿಮಿಷದಲ್ಲಿ ಮುಗಿಸುವುದೂ ನನಗೆ ಸರಿಕಾಣದು. ಮೊಣಕಾಲು ಗಟ್ಟಿಯಿದ್ದರೆ ನಡೆಯಿರಿ, ರಾತ್ರಿ ಅಲ್ಲೇ ಉಳಿಯಿರಿ.

ಊಟದ ಚಿಂತೆ ಬೇಡ. ಗುಲಾಮಗಿರಿ 1848ರಲ್ಲಿ ರದ್ದಾದ ಮೇಲೆ ಕಬ್ಬಿನ ಗದ್ದೆಗಳಿಗೆ ಕರೆತಂದ ಕೂಲಿಗಳಲ್ಲಿ ತಮಿಳರೇ ಹೆಚ್ಚು. ಹಾಗಾಗಿ ತಟ್ಟೆಯಲ್ಲಿ ಅನ್ನ, ಕಾಳು, ಕಾರಿ (ನಮ್ಮ ಕರ್ರಿ), ಅಚಾರ್, ಟೊಮ್ಯಾಟೊ-ಮೆಣಸಿನಕಾಯಿಯ ರೂಗಾಯ್ ಚಟ್ನಿ. ಸಸ್ಯಾಹಾರಿಗಳು ಮಾಂಸವಿಲ್ಲದ್ದು ಬೇಕೆಂದು ಮೊದಲೇ ಹೇಳಿ.

ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತದ ಕಾಲ, ಬೇಡ. ಮೇ ನಂತರ ಹೋಗಿ, ಆಗ ಅಲ್ಲಿ ಚಳಿಗಾಲ, ಸ್ವೆಟರ್ ಇರಲಿ. ಬೆಳಿಗ್ಗೆ ಬೇಗ ಏಳಿ, ಒಂಬತ್ತು-ಹತ್ತಕ್ಕೆಲ್ಲ ಮೋಡ ಬಂದು ಕೊಳ್ಳಗಳನ್ನು ಮುಚ್ಚಿಬಿಡುತ್ತದೆ.