ಅಕ್ಕಾ, ಮೊದಲು ಆ ಪೆನ್ಸಿಲ್ ಕೆಳಗಿಡಿ

ಕೊಲೆ ಮಾಡಿದವರು ಯಾರು ಅಂತ ಪುಸ್ತಕದ ಶುರುವಿನಲ್ಲೇ ಗೀಚಿಡುವ ಜನರಿಗೆ ಏನು ಮಾಡಬೇಕು, ನೀವೇ ಹೇಳಿ. ಗೀಚುವುದು ಅಂದರೆ ಉದ್ದಕ್ಕೆ ಏನೂ ಅಲ್ಲ. ಆ ಹೆಸರು ಮೊದಲ ಸಲ ಬಂದ ಕಡೆ ಪೆನ್ಸಿಲಿನಲ್ಲಿ ಒಂದು ಸುತ್ತು. ಪಕ್ಕದಲ್ಲಿ ಒಂದೇ ಮಾತು. 'ಇವನೇ' ಅಂತಲೋ 'ಇವಳೇ' ಅಂತಲೋ. ಎರಡರಲ್ಲಿ ಯಾವುದು ಅಂತ ನಾನಂತೂ ಬಾಯಿ ಬಿಡಲ್ಲ. ನನಗೆ ಅಷ್ಟಾದರೂ ಮಾನ ಮರ್ಯಾದೆ ಇದೆ.

ನಾವು ಸೋಮವಾರಪೇಟೆ ಕಡೆಯ ಕೆಲವು ಹೆಂಗಸರು ದುಡ್ಡು ಹಾಕಿ ಹಳೇ ಪುಸ್ತಕ ತರಿಸಿಕೊಳ್ಳುತ್ತೇವೆ. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸುವುದು. ಶಾಂತಳ್ಳಿ ಕಡೆ ಮಳೆ ಹಿಡಿದರೆ ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಲೈನ್‌ಮನ್ನಿಗೂ ಗೊತ್ತಿರಲ್ಲ. ಟಿವಿ ಇಲ್ಲ, ನೆಟ್‌ವರ್ಕ್ ಇಲ್ಲ. ತೋಟಕ್ಕೆ ಇಳಿದರೆ ಜಿಗಣೆ. ಇರುವುದು ಒಂದು ಪುಸ್ತಕ, ಅದರಲ್ಲೂ ಇವರ ಕೈಚಳಕ!

ಈ ಮಳೆಗಾಲಕ್ಕೆ ನಾವು ಹಿಡಿದದ್ದು ಅಮೆರಿಕದ ಸ್ಯೂ ಗ್ರಾಫ್ಟನ್ ಬರೆದ ಪತ್ತೇದಾರಿ ಸರಣಿ. 'ಎ ಈಸ್ ಫಾರ್ ಅಲಿಬೈ' ಅಂತ 1982ರಲ್ಲಿ ಶುರುವಾಗಿ ಇಂಗ್ಲಿಷ್ ಅಕ್ಷರಮಾಲೆ ಹಿಡಿದು ಸಾಗುತ್ತದೆ. ಅದರ ಖಾಸಗಿ ಪತ್ತೇದಾರಿಣಿ ಕಿನ್ಸಿ ಮಿಲ್‌ಹೋನ್. ನನಗೆ ಅವಳು ತುಂಬಾ ಇಷ್ಟ. ಮೂವತ್ತೆರಡು ವಯಸ್ಸು, ಎರಡು ಸಲ ಡೈವೋರ್ಸ್, ಮೊದಲು ಪೊಲೀಸ್ ಕೆಲಸದಲ್ಲಿದ್ದು ಬಿಟ್ಟವಳು. ಕ್ಯಾಲಿಫೋರ್ನಿಯಾದ ಸಾಂಟಾ ತೆರೇಸಾ ಅನ್ನುವ ಊರು. ನಕ್ಷೆಯಲ್ಲಿ ಹುಡುಕಬೇಡಿ, ಅದು ಕತೆಯ ಊರು. ಹೆನ್ರಿ ಅಂತ ಎಂಬತ್ತು ದಾಟಿದ ಒಬ್ಬ ಮುದುಕ, ಬೇಕರಿ ಕೆಲಸ ಮಾಡಿ ನಿವೃತ್ತನಾದವನು. ಅವನು ತನ್ನ ಕಾರ್ ಶೆಡ್ಡನ್ನೇ ಮನೆ ಮಾಡಿಸಿದ್ದಾನೆ, ಅದರಲ್ಲಿ ಇವಳು ಬಾಡಿಗೆಗಿದ್ದಾಳೆ. ಎಲ್ಲದಕ್ಕೂ ಒಂದೇ ಕಪ್ಪು ಡ್ರೆಸ್. ಕಡಲೆಕಾಯಿ ಬೆಣ್ಣೆಗೆ ವಿನೆಗರಿನಲ್ಲಿ ಹಾಕಿದ ಸೌತೆಕಾಯಿ ಇಟ್ಟು ಬ್ರೆಡ್ ತಿಂತಾಳೆ. ನಾನೂ ಮಾಡಿ ನೋಡಿದೆ, ಮನೆಯವರು ಮುಟ್ಟಲಿಲ್ಲ. ಎಲ್ಲಿಗೆ ಹೋಗ್ತೀಯ, ಎಷ್ಟೊತ್ತಿಗೆ ಬರ್ತೀಯ ಅಂತ ಅವಳನ್ನು ಕೇಳುವವರಿಲ್ಲ. ಇಲ್ಲಿ ಒಬ್ಬಳೇ ಮಡಿಕೇರಿಗೆ ಹೋಗಿ ಬಂದರೆ ಬಸ್ ಸ್ಟ್ಯಾಂಡಿನಿಂದ ಮನೆ ತಲುಪುವಷ್ಟರಲ್ಲಿ ಹತ್ತು ಜನಕ್ಕೆ ಲೆಕ್ಕ ಒಪ್ಪಿಸಬೇಕು.

ಸರಿ, ನನ್ನ ಗೋಳಿಗೆ ಬರುತ್ತೇನೆ. ಪುಸ್ತಕ ನನ್ನ ಕೈಗೆ ಬಂದಾಗ ಪೆನ್ಸಿಲ್ ಗುರುತು ಕಾಣುತ್ತಿರಲಿಲ್ಲ. ರಬ್ಬರ್ ಹಾಕಿ ಅಳಿಸಿದ್ದರು. ಹಗಲು ಓದಿದ್ದರೆ ಬಹುಶಃ ಗೊತ್ತೇ ಆಗುತ್ತಿರಲಿಲ್ಲ. ಆದರೆ ಕರೆಂಟ್ ಇರಲಿಲ್ಲ ನೋಡಿ. ಎಮರ್ಜೆನ್ಸಿ ಲ್ಯಾಂಪನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಓದುತ್ತಿದ್ದೆ. ಬೆಳಕು ಹಾಳೆಯ ಮೇಲೆ ಅಡ್ಡ ಬೀಳುತ್ತಿತ್ತು. ಒತ್ತಿ ಬರೆದ ಪೆನ್ಸಿಲ್ ಗೆರೆ ಅಳಿಸಿದರೂ ಕಾಗದದಲ್ಲಿ ತಗ್ಗು ಉಳಿಯುತ್ತೆ ಅಲ್ವಾ? ಆ ತಗ್ಗಿನಲ್ಲಿ ನೆರಳು ನಿಂತಿತು. ಒಂದು ಹೆಸರಿನ ಸುತ್ತ ಮೊಟ್ಟೆಯಾಕಾರದ ಗೆರೆ. ಪಕ್ಕದಲ್ಲಿ ಆ ಮಾತು, ಒಂದು ಆಶ್ಚರ್ಯಸೂಚಕ ಚಿಹ್ನೆ ಸಮೇತ. ರಬ್ಬರಿನ ಪುಡಿ ಇನ್ನೂ ಹೊಲಿಗೆಯ ಸಂದಿಯಲ್ಲೇ ಇತ್ತು. ಮೈಯೆಲ್ಲಾ ಉರಿದುಹೋಯಿತು.

ಇದು ಯಾರ ಕೆಲಸ ಅಂತ ತಿಳಿಯಲು ಪತ್ತೇದಾರಿಣಿ ಬೇಕಾಗಿಲ್ಲ. ನಮ್ಮ ಗುಂಪಿಗೆಲ್ಲಾ ಗೊತ್ತು. ವರ್ಷಗಟ್ಟಲೆ ಮಕ್ಕಳ ಉತ್ತರ ಪತ್ರಿಕೆ ತಿದ್ದಿ ರಿಟೈರ್ ಆದವರು. ಕೈಯಲ್ಲಿ ಪೆನ್ಸಿಲ್ ಇಲ್ಲದೆ ಓದಲು ಬರಲ್ಲ. ಕೊನೇ ಪುಟ ಮೊದಲು ನೋಡುತ್ತಾರೆ, ಆಮೇಲೆ ಹಿಂದಕ್ಕೆ ಬಂದು ಟಿಕ್ ಹಾಕುತ್ತಾರೆ. ನೋಡಿಕೊಳ್ಳಲಿ, ಅದು ಅವರವರ ಇಷ್ಟ. ಆದರೆ ಆ ಟಿಕ್ಕು ನನ್ನ ಪಾಲಿನ ಪುಸ್ತಕದಲ್ಲಿ ಯಾಕೆ?

ಫೋನ್ ಸಿಕ್ಕ ತಕ್ಷಣ ಕೇಳಿದೆ. "ಅಕ್ಕಾ, ಹೀಗಾ ಮಾಡೋದು?"

"ಅಳಿಸಿದ್ದೀನಲ್ಲಮ್ಮಾ. ಅಷ್ಟಕ್ಕೂ ಬರೆದವಳೇ ಮೊದಲ ಪುಟದಲ್ಲಿ ಎಲ್ಲಾ ಹೇಳಿಬಿಡ್ತಾಳೆ. ನಾನು ಹೇಳಿದ್ದೇ ದೊಡ್ಡ ತಪ್ಪಾ?"

ಕೇಳಿದಿರಾ ವಾದ? ಅರ್ಧ ಸತ್ಯ ಇರುವ ವಾದದಷ್ಟು ಸಿಟ್ಟು ಬರಿಸುವುದು ಬೇರೆ ಯಾವುದೂ ಇಲ್ಲ. ಗ್ರಾಫ್ಟನ್ ಮೊದಲ ಪುಟದಲ್ಲಿ ಹೇಳುತ್ತಾಳೆ, ಹೌದು. 'ಎ' ಶುರುವಾಗುವುದೇ ಮೊನ್ನೆ ನಾನು ಒಬ್ಬರನ್ನು ಕೊಂದೆ ಅನ್ನುವ ಕಿನ್ಸಿಯ ಮಾತಿನಿಂದ. ಆದರೆ ಯಾರನ್ನು, ಯಾಕೆ ಅಂತ ಅಲ್ಲಿ ಹೇಳಿದ್ದಾಳಾ? ಇಲ್ಲ! ಅದಕ್ಕೇ ಅಲ್ವಾ ಮುಂದಿನ ಪುಟ ತಿರುಗಿಸುವುದು? 1986ರಲ್ಲಿ ಬಂದ 'ಸಿ ಈಸ್ ಫಾರ್ ಕಾರ್ಪ್ಸ್' ತೆಗೆಯಿರಿ. ಸೋಮವಾರ ಪರಿಚಯವಾದ ಹುಡುಗ ಗುರುವಾರದ ಹೊತ್ತಿಗೆ ಸತ್ತಿದ್ದ ಅಂತ ಆರಂಭದಲ್ಲೇ ಇದೆ. ಅಷ್ಟು ಗೊತ್ತಾದ ಮೇಲೆ ಆ ಹುಡುಗ ಆಡುವ ಒಂದೊಂದು ಮಾತೂ ಹೊಟ್ಟೆ ಹಿಂಡುತ್ತೆ. ಯಾವುದನ್ನು ಮೊದಲು ಬಿಡಬೇಕು, ಯಾವುದನ್ನು ಹಿಡಿದಿಟ್ಟುಕೊಳ್ಳಬೇಕು ಅನ್ನುವುದು ಬರೆಯುವವಳ ಕೆಲಸ. ನಿಮ್ಮ ಕೆಲಸ ಅಲ್ಲ ಅಕ್ಕಾ.

'ಎ'ಯಲ್ಲಿ ವಿಷ ಯಾವುದು ಅಂತ ಯಾರಾದರೂ ಹೇಳಿದರೆ ನಾನು ಸುಮ್ನಿರುತ್ತೇನೆ. ಕಣಗಿಲೆ. ನಮ್ಮ ಬೇಲಿಯಲ್ಲೂ ಇದೆ, ಗುಲಾಬಿ ಬಣ್ಣದ್ದು. ಗಂಡನಿಗೆ ಆ ವಿಷ ಹಾಕಿದಳು ಅಂತ ಎಂಟು ವರ್ಷ ಜೈಲಿನಲ್ಲಿದ್ದು ಹೊರಬಂದ ಹೆಂಗಸು, ನಿಜವಾಗಿ ಕೊಂದವರನ್ನು ಹುಡುಕಿಕೊಡು ಅಂತ ಕಿನ್ಸಿಯ ಹತ್ತಿರ ಬರುತ್ತಾಳೆ. ಕತೆ ಶುರುವಾಗುವುದೇ ಅಲ್ಲಿಂದ. ಗ್ರಾಫ್ಟನ್ನಿಗೆ ಆಗ ಡೈವೋರ್ಸಿನ ಜಗಳ ನಡೆಯುತ್ತಿತ್ತಂತೆ. ಗಂಡನನ್ನು ಹೇಗೆ ಕೊಲ್ಲಬಹುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಕೂತವಳು ಕೊನೆಗೆ ಅದನ್ನೇ ಕಾದಂಬರಿ ಮಾಡಿದಳು. ಇಂಥದ್ದೆಲ್ಲಾ ಹೇಳಿ, ಬೇಡ ಅನ್ನಲ್ಲ, ಓದುವ ಆಸೆ ಜಾಸ್ತಿಯಾಗುತ್ತೆ. ಹೆಸರು ಮಾತ್ರ ಬೇಡ.

ಹೆಸರು ಗೊತ್ತಾದರೆ ಏನಾಗುತ್ತೆ ಗೊತ್ತಾ? ಈ ಕತೆಗಳನ್ನು ಹೇಳುವುದು ಕಿನ್ಸಿಯೇ, 'ನಾನು' ಅಂತ. ಅವಳಿಗೆ ಗೊತ್ತಾದಷ್ಟೇ ನಮಗೂ ಗೊತ್ತು. ಕಾಲ 1980ರ ದಶಕ. ಮೊಬೈಲ್ ಇಲ್ಲ, ಇಂಟರ್ನೆಟ್ ಇಲ್ಲ. ಮನೆ ಮನೆ ಬಾಗಿಲು ತಟ್ಟುತ್ತಾಳೆ, ಕಚೇರಿಯಲ್ಲಿ ಹಳೇ ದಾಖಲೆ ತೆಗೆಸುತ್ತಾಳೆ, ಕಾರ್ಡುಗಳ ಮೇಲೆ ಒಂದೊಂದೇ ವಿಷಯ ಬರೆದು ಜೋಡಿಸುತ್ತಾಳೆ. ಅವಳ ಜೊತೆ ನಾವೂ ತಪ್ಪು ದಾರಿ ಹಿಡಿಯಬೇಕು, ನಂಬಬಾರದವರನ್ನು ನಂಬಬೇಕು. ಮಜಾ ಇರುವುದೇ ಅದರಲ್ಲಿ. ಈಗ ನನ್ನ ಗತಿ ನೋಡಿ. ಅವಳು ಆ ವ್ಯಕ್ತಿಯ ಎದುರು ಆರಾಮಾಗಿ ಕೂತು ಮಾತಾಡುತ್ತಾಳೆ, ನಾನು ಇಲ್ಲಿ ಕಂಬಳಿ ಹೊದ್ದುಕೊಂಡು "ಎದ್ದು ಬಾರೇ ಮಾರಾಯ್ತಿ" ಅಂತ ಹಲ್ಲು ಕಡಿಯುತ್ತೇನೆ. ಮಿಕ್ಕವರ ಮೇಲೆ ಅನುಮಾನವೇ ಬರಲ್ಲ. ಗ್ರಾಫ್ಟನ್ ಕಷ್ಟಪಟ್ಟು ಕಟ್ಟಿದ್ದೆಲ್ಲಾ ನೀರಿಗೆ ಹೋಯಿತು.

ನಮ್ಮಮ್ಮ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದರು. ಎಷ್ಟೋ ಪುಸ್ತಕಗಳಲ್ಲಿ ಕೊನೇ ಹಾಳೆಗಳೇ ಇರುತ್ತಿರಲಿಲ್ಲ. ಅಮ್ಮ ಬೈದುಕೊಳ್ಳುತ್ತಿದ್ದರು, ಆಮೇಲೆ ಚಿಕ್ಕಮ್ಮನ ಜೊತೆ ಕೂತು ಅವನಿರಬಹುದಾ ಇವನಿರಬಹುದಾ ಅಂತ ವಾರಗಟ್ಟಲೆ ತರ್ಕ ಮಾಡುತ್ತಿದ್ದರು. ಹಾಳೆ ಹರಿದವರನ್ನಾದರೂ ಕ್ಷಮಿಸಬಹುದು ಅನಿಸುತ್ತೆ ಈಗ.

ಇನ್ನು ಗುಂಪಿನ ಮಿಕ್ಕವರು. "ಬಿಡು, ದೊಡ್ಡವರು, ಕತೆ ತಾನೇ" ಅಂದರು. ಯಾರು ಅಂದದ್ದು? ನನಗಿಂತ ಮೊದಲೇ ಹಗಲು ಬೆಳಕಿನಲ್ಲಿ ಏನೂ ಕಾಣದೆ ಆರಾಮಾಗಿ ಓದಿ ಮುಗಿಸಿದವರು! ಇನ್ನೊಂದು ಸಲ ಓದು, ಆಗಲೂ ಚೆನ್ನಾಗೇ ಇರುತ್ತೆ ಅಂತ ಉಪದೇಶ ಬೇರೆ. ಎರಡನೇ ಸಲ ಓದುತ್ತೇನೆ, ಹೆನ್ರಿಗೋಸ್ಕರ ಓದುತ್ತೇನೆ, ಆ ಹಂಗೇರಿಯನ್ ಊಟದ ಹೋಟೆಲಿನ ರೋಸಿಗೋಸ್ಕರ ಓದುತ್ತೇನೆ. ಆದರೆ ಮೊದಲ ಸಲ ಅನ್ನುವುದು ಒಂದೇ ಸಲ ತಾನೇ ಇರುವುದು?

ಅದೂ ಅಲ್ಲದೆ ಈ ಸರಣಿ ಮುಂದೆ ಬೆಳೆಯುವುದಿಲ್ಲ. 'ವೈ ಈಸ್ ಫಾರ್ ಯೆಸ್ಟರ್‌ಡೇ' 2017ರಲ್ಲಿ ಬಂತು, ಅದೇ ವರ್ಷ ಡಿಸೆಂಬರ್ 28ಕ್ಕೆ ಗ್ರಾಫ್ಟನ್ ತೀರಿಕೊಂಡಳು. 'ಜೆಡ್' ಬರೆಯಲೇ ಇಲ್ಲ. ಬೇರೆಯವರ ಕೈಯಲ್ಲಿ ಬರೆಸುವುದೂ ಇಲ್ಲ ಅಂದರು ಮನೆಯವರು. ಇರುವುದು ಒಟ್ಟು ಇಪ್ಪತ್ತೈದು. ಅದರಲ್ಲಿ ಒಂದನ್ನು ಹಾಳು ಮಾಡಿದ್ದಾಯಿತು.

ಮುಂದಿನ ಪುಸ್ತಕ ಬಂದು ನನ್ನ ಹತ್ತಿರವೇ ಇದೆ. ಅವರಿಂದ ಆಗಲೇ ಫೋನ್ ಬಂತು, ನನ್ನ ಸರದಿ ಅಲ್ವಾ ಅಂತ. ಕೊಡಲ್ಲ ಅಂದೆ. ಎಲ್ಲರದ್ದೂ ಓದಿ ಮುಗಿದ ಮೇಲೆ ತಗೊಳ್ಳಿ, ಆಗ ಎಷ್ಟು ಬೇಕಾದರೂ ಟಿಕ್ ಹಾಕಿ, ಬೇಕಿದ್ದರೆ ಮಾರ್ಕ್ಸೂ ಕೊಡಿ ಅಂದೆ. ಗುಂಪೇ ಬಿಡ್ತೀನಿ ಅಂತಿದ್ದಾರೆ. ಬಿಡಲಿ. ಅವರ ಹತ್ತಿರ ಇನ್ನೂ 'ಬಿ' ಇದೆ, ಅದನ್ನು ಕೊಟ್ಟು ಹೋಗಲಿ.